ಗರಸಿಗೆ ಇಳಿಯದ ನೀರು

ಚನ್ನವ್ವ ಕಾಲುವೆಯಲ್ಲೇ ಕುಕ್ಕರಿಸಿ ಕೂತುಬಿಟ್ಟಳು. ಮೋಟರಿನ ನೀರು ಅವಳ ಸೀರೆ ತೋಯಿಸಿ ಆಚೀಚೆ ಹರಿಯಿತೇ ಹೊರತು, ಗಂಡನ ಗದ್ದುಗೆಯ ಪಕ್ಕದ ಕಬ್ಬಿನ ಸಾಲಿಗೆ ಹೋಗಲಿಲ್ಲ.

"ಏಳ ಬೇ ಯವ್ವಾ! ಕರೆಂಟ ಹೋದ್ರ ಕಬ್ಬ ಒಣಗತೈತಿ," ಎಂದ ಮಗ ಬಾಳೇಶ.

"ಒಣಗಲಿ. ನಿಮ್ಮಪ್ಪ ದಮ್ಮಿನ ಮನಿಷ್ಯಾ. ಜೀವ ಇರೂತನಕ ತಂಪ ತಾಳಲಿಲ್ಲ. ಈಗ ಒಳಗ ತೊಯ್ಕೊಂತ ಕುಂದರಬೇಕೇನು?"

ಹೋದ ವರ್ಷ ಕೊಣ್ಣೂರಿನ ಈ ಹೊಲದಲ್ಲೇ ಅವಳ ಗಂಡ ದುಂಡಪ್ಪನನ್ನು ನೆಲದಡಿಯ ಗೂಡಿನಲ್ಲಿ ಕೂಡಿಸಿ ಮಣ್ಣು ಕೊಟ್ಟಿದ್ದರು. ಈ ಸಲ ಬಾಳೇಶ ಗದ್ದುಗೆಯ ಬುಡದವರೆಗೂ ಕಬ್ಬು ನೆಟ್ಟಿದ್ದ. ಅಂದಿನಿಂದ ಮುದುಕಿಗೆ ಇದೇ ಚಿಂತೆ. ಅವಳೊಂದಿಗೆ ವಾದಕ್ಕಿಳಿದು ಗೆದ್ದವರು ಆ ಮನೆಯಲ್ಲಿ ಯಾರೂ ಇಲ್ಲ. ಬಾಳೇಶ ಸಲಿಕೆ ಎತ್ತಿ, ನಿನ್ನೆ ತಾನೇ ನೀರುಂಡಿದ್ದ ಆಚೆ ಸಾಲಿನಲ್ಲಿ ಅಗೆಯತೊಡಗಿದ.

ಮೇಲಿನ ಎರೆಮಣ್ಣು ಹಸಿಹಸಿಯಾಗಿ ಸಲಿಕೆಗೆ ಮೆತ್ತಿಕೊಂಡು ಬಂತು. "ನೋಡು, ನಾ ಹೇಳಲಿಲ್ಲಾ?" ಎಂದಳು ಚನ್ನವ್ವ. ತೊಡೆಯಾಳಕ್ಕೆ ಹೋಗುತ್ತಲೇ ಸಲಿಕೆ ಕರ್ರ್ ಎಂದಿತು. ಕೆಳಗೆ ಉಸುಕಿನಂಥ ಬಿಳಿ ಗರಸು. ಬಾಳೇಶ ಒಂದು ಹಿಡಿ ತೆಗೆದು ತಾಯಿಯ ಅಂಗೈಗೆ ಸುರಿದ. ಬೆರಳ ಸಂದಿಯಿಂದ ಪುಡಿಪುಡಿಯಾಗಿ ಜಾರಿತು. ಒಂದಿಷ್ಟೂ ಪಸೆಯಿಲ್ಲ.

ಚನ್ನವ್ವ ಸಿಟ್ಟು ಮರೆತು, ಕೂತಲ್ಲಿಂದಲೇ ಕುಣಿಯೊಳಗೆ ಬಗ್ಗಿದಳು. "ಇದೇನೋ ಸೋಜಿಗ! ಉಸುಕಂದ್ರ ನೀರ ಸರ್ ಅಂತ ಇಳೀಬೇಕಲ್ಲ?"

"ಮ್ಯಾಲಿನ ಎರಿ ಜಿಪುಣ ಬೇ. ನೀರ ಗಟ್ಟಿ ಹಿಡಕೊಂಡ ಕುಂದರತೈತಿ. ತನ್ನ ಹೊಟ್ಟಿ ತುಂಬಿ ಹೆಚ್ಚಾದ್ರಷ್ಟ ಗರಸಿಗೆ ಬಿಡತೈತಿ. ಅಪ್ಪನ್ನ ಕೂಡಿಸಾಕ ಗೂಡ ಕೊರದಿದ್ದೂ ಇದ ಗರಸಿನ್ಯಾಗ. ಬೆಚ್ಚಗ ಅದಾನ. ಇನ್ನರ ಏಳು."

ಅವಳ ಎದೆಯ ಭಾರ ಇಳಿಯಿತು. ಸೆರಗು ಹಿಂಡುತ್ತ ಎದ್ದಳು. ಅವಳು ಬಿಟ್ಟ ಜಾಗದಿಂದ ನೀರು ಗದ್ದುಗೆಯ ಪಕ್ಕದ ಸಾಲಿಗೆ ನುಗ್ಗಿತು. ಬಾಳೇಶ ನಿಟ್ಟುಸಿರು ಬಿಟ್ಟು ಕುಣಿ ಮುಚ್ಚಲು ತೊಡಗಿದ. ಮುದುಕಿ ಮಾತ್ರ ಹರಿಯುವ ನೀರನ್ನೇ ನೋಡುತ್ತ ನಿಂತಳು. ಅವಳ ಮುಖ ಮತ್ತೆ ಸಣ್ಣದಾಯಿತು.

"ಜೀವಮಾನ ಎಲ್ಲಾ ಈ ಹೊಲಕ್ಕ ನೀರುಣಿಸಿದಾಂವ ನಿಮ್ಮಪ್ಪ," ಎಂದಳು. "ಅವಗ ಒಂದ ಗುಟುಕರ ಮುಟ್ಟಬ್ಯಾಡೇನು? ಬಾಳ್ಯಾ, ಈ ಎರಿ ಹೊಟ್ಟಿ ತುಂಬಬೇಕಂದ್ರ ಎಷ್ಟ ಹೊತ್ತ ನೀರ ಬಿಡಬೇಕೋ?"