ತಾಯಿಯ ಪಾಲಿನ ಚಹಾ

ನದಿ ದಾಟುವಾಗ ತೊಂದರೆಯಾಯಿತೇ ಎಂದು ಬೀಗಿತಿ ಎರಡನೆಯ ಸಲ ಕೇಳಿದಾಗಲೂ ಅವ್ವ ಬರೀ ನಕ್ಕಳು. ನ್ಯುಕ್ ಯಿನ್ ಮದುವಣಗಿತ್ತಿಯ ಕೆಂಪು ಅಂಗಿಯೊಳಗೆ ಬೆವತಳು.

ಮಾತಾಡಬೇಡವೆಂದು ದೋಣಿಯಲ್ಲಿ ಅವ್ವನಿಗೆ ಹೇಳಿಕೊಟ್ಟವಳು ಅವಳೇ. ಗಂಡಿನ ಮನೆಯವರು ಕುಚಿಂಗ್ ಪೇಟೆಯ ವರ್ತಕರು, ಹೊಕ್ಕಿಯನ್ ನುಡಿಯವರು. ಇವರೂ ಚೀನೀಯರೇ, ಆದರೆ ಆಚೆ ದಡದ ಮೆಣಸಿನ ತೋಟದವರು, ಹಕ್ಕಾ ನುಡಿಯವರು. ಪೇಟೆಯಲ್ಲಿ ಟೈಪಿಸ್ಟಾಗಿ ಐದು ವರ್ಷ ದುಡಿದವಳ ಹೊಕ್ಕಿಯನ್ನಿನಲ್ಲಿ ತೋಟದ ಸುಳಿವೇ ಇರಲಿಲ್ಲ. ಸಂತೆಯಲ್ಲಿ ತರಕಾರಿ ಮಾರಿ ಅವ್ವನಿಗೂ ಹೊಕ್ಕಿಯನ್ ಚೆನ್ನಾಗಿ ತಿಳಿಯುತ್ತಿತ್ತು. ಬಾಯಿ ತೆರೆದರೆ ಮಾತ್ರ ಹಕ್ಕಾ ಎಳೆತ, ಸಂತೆಯ ಗಟ್ಟಿ ದನಿ. ಮದುವೆಯ ಮಾತುಕತೆಯೆಲ್ಲ ಚಿಕ್ಕಪ್ಪನೇ ಮುಗಿಸಿದ್ದ. ಬೀಗಿತಿಯರು ಮುಖ ನೋಡಿದ್ದು ಇವತ್ತೇ.

"ನೀನು ಸುಮ್ನೆ ನಗ್ತಾ ಕೂತ್ಕೋ ಅವ್ವ, ಸಾಕು," ಎಂದಿದ್ದಳು. ಅವ್ವ ಆಗಲಿ ಬಿಡು ಎಂದಿದ್ದಳು.

ಅತ್ತೆಯಾಗುವವಳು ನ್ಯುಕ್ ಯಿನ್‌ಳ ಕಿವಿಯ ಬಳಿ ಬಾಗಿದಳು. "ನಿಮ್ಮವ್ವಂಗೆ ಮಾತು ಬರಲ್ವೇನೇ?"

ನಿಜ ಹೇಳಲು ಆಗಲೂ ಸಮಯವಿತ್ತು.

"ಹುಟ್ಟಿದಾಗಿಂದ್ಲೂ ಬರಲ್ಲ ಅತ್ತೆ."

ಅವ್ವ ಎದುರಿಗೇ ಇದ್ದಳು. ಅವಳ ನಗು ಕದಲಲಿಲ್ಲ.

ಸುದ್ದಿ ಮನೆ ತುಂಬ ಹರಡಿತು. ಅಲ್ಲಿಯವರೆಗೆ ಅವ್ವನ ಬಿರುಕು ಬಿಟ್ಟ ಕೈ ನೋಡುತ್ತಿದ್ದವರು ಈಗ ಒಳ್ಳೆಯ ಕುರ್ಚಿ ಹುಡುಕಿ ತಂದರು. ಗಂಡಿನ ಸೋದರತ್ತೆಯೊಬ್ಬಳು ಕೈಸನ್ನೆಯಲ್ಲಿ ಊಟವಾಯಿತೇ ಎಂದು ಕೇಳಿದಳು. ಅವ್ವನೂ ಕೈಯಲ್ಲೇ ಉತ್ತರ ಕೊಟ್ಟಳು.

ಚಹಾ ಕೊಡುವ ಶಾಸ್ತ್ರದ ಹೊತ್ತಾಯಿತು. ಮಗಳು ಮಂಡಿಯೂರಿ ಕೊಟ್ಟದ್ದನ್ನು ಕುಡಿದು ಹೆತ್ತವಳು ಬಾಯಿ ತುಂಬ ಹರಸಬೇಕು. ಆಮೇಲೆಯೇ ಮಗಳು ಏಳುವುದು. ಅಪ್ಪನಿಲ್ಲದವಳಿಗೆ ಹರಸಲು ಇದ್ದವಳು ಅವ್ವನೊಬ್ಬಳೇ. ನ್ಯುಕ್ ಯಿನ್ ತಟ್ಟೆ ಹಿಡಿದು ಮಂಡಿಯೂರಿದಳು. ಬಗ್ಗಿ, ಯಾರಿಗೂ ಕೇಳಿಸದಂತೆ ಹಕ್ಕಾದಲ್ಲಿ ಪಿಸುಗುಟ್ಟಿದಳು: "ತಪ್ಪಾಯ್ತವ್ವ. ಏನಾದ್ರೂ ಅನ್ನು. ಜೋರಾಗೇ ಅನ್ನು."

ಅವ್ವ ಚಹಾ ಪೂರ್ತಿ ಕುಡಿದು ಬಟ್ಟಲನ್ನು ತಟ್ಟೆಯಲ್ಲಿಟ್ಟಳು. ಸುತ್ತ ನಿಂತವರನ್ನೊಮ್ಮೆ ನೋಡಿದಳು. ಮಗಳ ತಲೆಯ ಮೇಲೆ ಕೈಯಿಟ್ಟು, ಬಾಯಿ ತೆರೆದು, ಮೂಗರು ಮಾಡುವಂತೆ ಗಂಟಲಿನಿಂದ "ಬ್ಯಾ, ಬ್ಯಾ" ಎಂದಳು.

ಅತ್ತೆ ಕಣ್ಣೊರೆಸಿಕೊಂಡಳು.

"ಪಾಪ, ಮಗಳಿಗೋಸ್ಕರ ಎಷ್ಟು ಒದ್ದಾಡ್ತಾಳೆ ನೋಡು."