ಅಪ್ಪನ ನಂಬರು

ಕಸ್ತೂರಿ ಪರಶುವನ್ನು ಮದುವೆಯಾಗಿ ಊರು ಬಿಟ್ಟು ಎರಡು ತಿಂಗಳಾಗಿತ್ತು. ಇಬ್ಬರೂ ಶಿವಮೊಗ್ಗದಲ್ಲಿರುವುದು ತವರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿಕ್ಕರೆ ಇಬ್ಬರನ್ನೂ ಉಳಿಸುವುದಿಲ್ಲವೆಂದು ಅವಳ ಅಣ್ಣ ಹೇಳಿಕೊಂಡು ತಿರುಗುತ್ತಿದ್ದ.

ಅಂದು ಸೂಪರ್ ಮಾರ್ಕೆಟ್ಟಿನಲ್ಲಿ ಕೌಂಟರಿನ ಹುಡುಗಿ, "ಕಾರ್ಡ್ ಇದ್ರೆ ಮೊಬೈಲ್ ನಂಬರ್ ಹೇಳಿ ಮೇಡಂ, ಪಾಯಿಂಟ್ಸ್ ಸೇರುತ್ತೆ" ಎಂದಳು. ಇದೇ ಅಂಗಡಿಯ ತವರೂರಿನ ಶಾಖೆಯಲ್ಲಿ ವರ್ಷಗಟ್ಟಲೆ ಹೇಳಿ ರೂಢಿಯಾಗಿದ್ದ ಅಪ್ಪನ ನಂಬರನ್ನೇ ಕಸ್ತೂರಿ ಹೇಳಿಬಿಟ್ಟಳು. ಬಿಲ್ಲಿನ ಮೆಸೇಜು ಶಿವಮೊಗ್ಗದ ಹೆಸರು ಹೊತ್ತು ಅಪ್ಪನ ಮೊಬೈಲಿಗೆ ಹೋಗುತ್ತದೆಂದು ಹೊಳೆದದ್ದು ಮನೆ ಸೇರಿದ ಮೇಲೆ.

"ನಾಳೆನೇ ಈ ಮನೆ ಬಿಡೋಣ" ಎಂದ ಪರಶು.

ಮರುದಿನ ಕಸ್ತೂರಿ ಅಂಗಡಿಗೆ ಓಡಿ ಕೌಂಟರಿನ ಅದೇ ಹುಡುಗಿಯನ್ನು ಕೇಳಿದಳು. "ನಿನ್ನೆ ನಾನು ಹೇಳಿದ ನಂಬರಿನವ್ರು ಏನಾರ ವಿಚಾರಿಸಿದ್ರೇನ್ರಿ?"

"ಹೂಂ, ಈಗಷ್ಟೇ ಫೋನ್ ಮಾಡಿದ್ರು. ನೀವು ಮತ್ತೆ ಬರ್ತೀರಾ ಅಂತ ಕೇಳಿದ್ರು."

ಕಸ್ತೂರಿ ಬಾಗಿಲ ಕಡೆ ತಿರುಗಿ ನೋಡಿದಳು. "ಮತ್ತೇನಂದ್ರು?"

"ಆ ಕಾರ್ಡ್ ತೆಗೆದುಹಾಕಿ ಅಂದ್ರು. ನನ್ನ ಮಗಳು ಬಂದ್ರೆ ತಿಳಿಸಿ, ಅವಳಣ್ಣ ನೋಡೋದ್ರೊಳಗೆ ಮೆಸೇಜ್ ಅಳಿಸಿದೀನಿ, ಇನ್ಮೇಲೆ ನನ್ನ ನಂಬರ್ ಎಲ್ಲೂ ಹೇಳಬಾರದು ಅಂದ್ರು."