ಗಂಧಕದ ಸ್ವಭಾವ

ಮೈಕೆರೆತ ತಾಳಲಾರದ ಕೆಮಿಸ್ಟ್ರಿ ಮೇಷ್ಟ್ರನ್ನು ಹೆಂಡತಿ ಹೋಮಿಯೋಪತಿ ವೈದ್ಯರ ಬಳಿಗೆ ಎಳೆದು ತಂದಿದ್ದರು.

"ಗಂಧಕದ ಗುಳಿಗೆ ಇದೆ. ಎಲ್ಲರಿಗೂ ಕೊಡಲ್ಲ, ಸ್ವಭಾವ ನೋಡಿ ಕೊಡ್ತೀನಿ," ಎಂದರು ವೈದ್ಯರು.

ಮೇಷ್ಟ್ರು ನಕ್ಕರು. "ಗಂಧಕದ ಸ್ವಭಾವ ನನಗೆ ಹೇಳ್ತೀರಾ? ಕಾಯಿಸಿದ್ರೆ ಜೇನಿನ ಹಾಗೆ ಕರಗುತ್ತೆ. ಇನ್ನೂ ಕಾಯಿಸಿದ್ರೆ ಕಡುಗೆಂಪಾಗಿ ಮಂದವಾಗುತ್ತೆ. ತಣ್ಣೀರಿಗೆ ಸುರಿದ್ರೆ ರಬ್ಬರಿನಂತೆ ಹಿಗ್ಗುತ್ತೆ. ನಿಮ್ಮ ಸಕ್ಕರೆ ಗುಳಿಗೇಲಿ ಅದರ ಒಂದು ಕಣವೂ ಇಲ್ಲ. ಕೊಡೋರು ಕಳ್ಳರು, ನುಂಗೋರು ದಡ್ಡರು."

ವೈದ್ಯರು ತಲೆಯೆತ್ತದೆ ಬರೆದುಕೊಂಡರು. "ಅಂಗಾಲು ಉರಿಯುತ್ತಾ?"

"ಉರಿಯುತ್ತೆ. ಅದಕ್ಕೇನೀಗ?"

"ಸ್ನಾನ?"

"ವಾರಕ್ಕೊಂದು ಸಲ," ಎಂದರು ಹೆಂಡತಿ. "ಅದೂ ನಾನು ಜಗಳ ಆಡಿದ್ರೆ."

"ಮನೇಲೂ ಎಲ್ಲರನ್ನೂ ಹೀಗೇ ಬೈತಾರಾ?"

"ಎಲ್ಲರನ್ನೂ."

ವೈದ್ಯರು ಪೆನ್ನಿಗೆ ಮುಚ್ಚಳ ಹಾಕಿದರು. "ಉರಿಗಾಲು, ಸ್ನಾನ ಬೇಡ, ತಾನೊಬ್ಬನೇ ಬುದ್ಧಿವಂತ. ನಮ್ಮ ಪುಸ್ತಕದಲ್ಲಿ ಗಂಧಕದ ರೋಗಿ ಅಂತ ಬರೆದಿರೋದು ಇವರನ್ನೇ, ತಾಯಿ."